ಐಕ್ಯವನ್ನು ಬೋಧಿಸುವ ನಾಯಕರಿಗೆ ಕರುಮತ್ತಂಪಟ್ಟಿಯ ಬಿನ್ನಹ

ಕರುಮತ್ತಂಪಟ್ಟಿ, 2025

ಮಹಾರಾಜಶ್ರೀ ನಾಯಕಮಹೋದಯರ ಸನ್ನಿಧಾನಕ್ಕೆ,

ದೇಶವೆಲ್ಲ ಒಂದಾಗಬೇಕೆಂದೂ, ಪ್ರಜಾಪ್ರಭುತ್ವವು ಹಳ್ಳಿಹಳ್ಳಿಯಲ್ಲಿ ಬೇರೂರಬೇಕೆಂದೂ ತಾವು ವೇದಿಕೆಯಿಂದ ವೇದಿಕೆಗೆ ದಣಿವರಿಯದೆ ಕೊಡುತ್ತಿರುವ ಕರೆಯು ಧ್ವನಿವರ್ಧಕಗಳ ಕೃಪೆಯಿಂದ ನಮ್ಮೂರ ನಾಲ್ಕು ರಸ್ತೆಗಳು ಕೂಡುವ ನಾಲ್‌ರೋಡನ್ನೂ ಮುಟ್ಟಿರುವುದರಿಂದ, ಕೊಯಮತ್ತೂರಿನಿಂದ ಅವಿನಾಶಿಗೆ ಹೋಗುವ ಹೆದ್ದಾರಿಯ ಮಗ್ಗುಲಿನ ಈ ಊರಿನಲ್ಲಿ ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡಿಕೊಂಡಿರುವ ನೇಕಾರ ಕುಲದ ದೇವಾಂಗರಲ್ಲೊಬ್ಬನಾದ ನಾನು ಈ ಬಿನ್ನಹವನ್ನು ಬಹಿರಂಗವಾಗಿಯೇ ಅರಿಕೆಮಾಡಿಕೊಳ್ಳುತ್ತಿದ್ದೇನೆ.

ಮೊದಲು ಐಕ್ಯದ ಮಾತು. ಆ ಸರಕು ನಮ್ಮಲ್ಲಿ ತಮ್ಮ ಕರೆಗೆ ಮುಂಚೆಯೇ ಸಾಕಷ್ಟು ದಾಸ್ತಾನಿತ್ತು. ನಮ್ಮ ಕುಲದೇವತೆ ಚೌಡೇಶ್ವರಿಗೆ ಕನ್ನಡದಲ್ಲಿ ಹರಕೆ ಹೊರುವವರು ಅಕ್ಟೋಬರಿನಲ್ಲಿ ಜಪಮಾಲೆ ಮಾತೆಯ ಇಗರ್ಜಿಯ ಉತ್ಸವಕ್ಕೂ ಹೋಗಿಬರುತ್ತಾರೆ. ಗೌಂಡರ ಷೆಡ್ಡಿನಲ್ಲಿ ಬಿಹಾರದ ಹುಡುಗನು ಪವರ್‌ಲೂಮು ಓಡಿಸುತ್ತಾನೆ. ಹಾಸಿನ ನೂಲು ಕಡಿದಾಗ ಬಾಯಿಗೆ ಬರುವ ಬೈಗುಳವು ಯಾವ ಭಾಷೆಯದಾದರೂ ಎಲ್ಲರಿಗೂ ಅರ್ಥವಾಗುತ್ತದೆ. ನೇಯುವವರ ಊರೆಂದು ತಿಳಿದ ನಾಯಕರಾರೂ ಭಾರತವನ್ನು ಹಾಸುಹೊಕ್ಕಿಗೆ ಹೋಲಿಸದೆ ಹಿಂದಿರುಗಿದ್ದಿಲ್ಲ. ಉಪಮೆ ಸೊಗಸೇ ಸರಿ. ಆದರೆ ನೆರೆಯ ಸೋಮನೂರಿನ ಬಟ್ಟೆಗೆ ನೂರಕ್ಕೆ 23ರಂತೆ ಒಪ್ಪಿದ ಕೂಲಿಹೆಚ್ಚಳವು ಕೈಗೆ ಬಾರದೆ, 2022ರ ಜನವರಿಯಲ್ಲಿ ಕೊಯಮತ್ತೂರು ತಿರುಪ್ಪೂರು ಜಿಲ್ಲೆಗಳ ಕೂಲಿಮಗ್ಗಗಳು ನಿಂತುಹೋದಾಗ, ಹಾಸೂ ಹೊಕ್ಕೂ ಎಂತಹ ಅನ್ಯೋನ್ಯದಿಂದ ಒಟ್ಟಿಗೆ ಧೂಳು ಹಿಡಿದವೆಂಬುದನ್ನು ಆ ಉಪಮೆಯಲ್ಲಿ ಸೇರಿಸಿಕೊಂಡವರನ್ನು ನಾನು ಕಂಡಿಲ್ಲ. ನೆಹರೂ ಅವರ ಕಾಲದಲ್ಲಿ, 1961ರಲ್ಲಿ, ಹುಟ್ಟಿದ ರಾಷ್ಟ್ರೀಯ ಭಾವೈಕ್ಯ ಮಂಡಳಿಯಾದರೂ ವಿಚಾರಿಸೀತೆಂದರೆ, ಅದು 2013ರ ಸೆಪ್ಟೆಂಬರಿನ ಬಳಿಕ ಸಭೆ ಸೇರಿದ ವರ್ತಮಾನ ನಮ್ಮೂರಿಗೆ ಬಂದಿಲ್ಲ.

ಇನ್ನು ಪ್ರಜಾಪ್ರಭುತ್ವ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು ಸ್ಥಳೀಯ ಸಂಸ್ಥೆಗಳಿಗೆ ಐದು ವರ್ಷ ತುಂಬುವುದರೊಳಗಾಗಿ ಹೊಸ ಚುನಾವಣೆ ಮುಗಿದಿರಬೇಕೆಂದು ವಿಧಿಸಿವೆ. 2011ರಲ್ಲಿ ನಾವು ಆರಿಸಿದ ಪಟ್ಟಣ ಪಂಚಾಯತಿಯ ಆಯುಸ್ಸು 2016ರ ಅಕ್ಟೋಬರಿನಲ್ಲಿ ತೀರಿತು. ಹೊಸ ಚುನಾವಣೆ ಸಾರಿದಾಗ ವಿರೋಧಪಕ್ಷವು ಮೀಸಲಾತಿಯ ಲೋಪವನ್ನು ಹಿಡಿದು ನ್ಯಾಯಾಲಯಕ್ಕೆ ಹೋಯಿತು. ಮದರಾಸು ಉಚ್ಚನ್ಯಾಯಾಲಯವು ಚುನಾವಣೆಯ ಪ್ರಕಟಣೆಯನ್ನು ರದ್ದುಮಾಡಿತು. ಆಳುವ ಪಕ್ಷವು ಆ ತೀರ್ಪಿನ ನೆರಳಿನಲ್ಲಿಯೂ ಅನಂತರ ಕ್ಷೇತ್ರವಿಂಗಡಣೆಯ ನೆರಳಿನಲ್ಲಿಯೂ ಸುಖವಾಗಿ ವಿಶ್ರಮಿಸಿತು. ಐದು ವರ್ಷಕ್ಕೂ ಮಿಕ್ಕಿ ನಮ್ಮನ್ನಾಳಿದವರು ಸರ್ಕಾರ ನೇಮಿಸಿದ ವಿಶೇಷಾಧಿಕಾರಿಗಳು. ಒಬ್ಬನೇ ಒಬ್ಬ ಸದಸ್ಯನಿಲ್ಲದ ಊರಿಗೆ 2021ರಲ್ಲಿ ನಗರಸಭೆಯೆಂಬ ಬಡ್ತಿ ದೊರೆಯಿತು; ಸದಸ್ಯರನ್ನು ಆರಿಸುವ ಯೋಗ ಕೂಡಿಬಂದದ್ದು 2022ರ ಫೆಬ್ರವರಿ 19ರಂದು. ಸುತ್ತಣ ಹಳ್ಳಿಗಳಲ್ಲಿ 2019ರ ಡಿಸೆಂಬರಿನಲ್ಲಿ ಆಯ್ಕೆಯಾದ ಪಂಚಾಯತಿಗಳ ಅವಧಿ 2025ರ ಜನವರಿಯಲ್ಲಿ ಮುಗಿಯಲು, ಅಲ್ಲಿ ಮತ್ತೆ ವಿಶೇಷಾಧಿಕಾರಿಗಳು ಬಂದು ಕುಳಿತರು. ಆಳುವ ಪಕ್ಷ ಆ ವೇಳೆಗೆ ಬೇರೆಯಾಗಿತ್ತು. ಕುರ್ಚಿಯಲ್ಲಿ ಕುಳಿತವರ ಗೋತ್ರ ಮಾತ್ರ ಅದೇ.

ಇದು ತಮಿಳುನಾಡಿನ ದೋಷವಿರಬಹುದೆಂದು ನಮ್ಮ ನುಡಿಯ ನಾಡಾದ ಕರ್ನಾಟಕದ ಕಡೆ ತಿರುಗಿದೆನು. ಬೆಂಗಳೂರು ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿಯೂ, ಜಿಲ್ಲಾ ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿಯೂ ಮುಗಿದಿದ್ದು, ಅಲ್ಲಿಯೂ ಅಧಿಕಾರಿಗಳದೇ ರಾಜ್ಯಭಾರವಾಗಿತ್ತು. ಮುಂಬಯಿಯ ಪಾಲಿಕೆಯೂ 2022ರ ಮಾರ್ಚಿನಿಂದ ವರ್ಷಗಟ್ಟಲೆ ಅದೇ ಸಾಲಿನಲ್ಲಿ ನಿಂತಿತ್ತು. ದ್ರಾವಿಡಪಕ್ಷ, ರಾಷ್ಟ್ರೀಯಪಕ್ಷ, ಉತ್ತರ, ದಕ್ಷಿಣ ಎಂಬ ಭೇದವನ್ನೆಲ್ಲ ಮರೆತು, ಹಗಲೆಲ್ಲ ಪರಸ್ಪರ ನಿಂದಿಸಿಕೊಳ್ಳುವ ಮಹನೀಯರು ಈ ಒಂದೇ ವ್ರತದಲ್ಲಿ ಏಕಚಿತ್ತರಾಗಿರುವುದನ್ನು ಕಂಡಾಗ, ತಾವು ಬೋಧಿಸುವ ರಾಷ್ಟ್ರೀಯ ಐಕ್ಯವು ಸಿದ್ಧಿಸಿಯಾಗಿದೆಯೆಂದು ನನಗೆ ಮನವರಿಕೆಯಾಯಿತು. ಇನ್ನು ಅದಕ್ಕಾಗಿ ತಾವು ಗಂಟಲನ್ನು ನೋಯಿಸಿಕೊಳ್ಳಬೇಕಾದುದಿಲ್ಲ.

ವಿಶೇಷಾಧಿಕಾರಿಗಳನ್ನು ನಾನು ದೂಷಿಸುವವನಲ್ಲ. ಅವರು ಮತ ಕೇಳಲು ಬರುವುದಿಲ್ಲ, ಮಾಲೆಯನ್ನು ಬಯಸುವುದಿಲ್ಲ, ಭಾಷಣವನ್ನಂತೂ ಮಾಡುವುದೇ ಇಲ್ಲ. ಆ ಮಟ್ಟಿಗೆ ಅವರು ತಮಗಿಂತ ಮೇಲು. ಆದರೆ ಚರಂಡಿ ಕಟ್ಟಿದಾಗ ಹೆಸರು ಹಿಡಿದು ಜಗಳವಾಡುವುದಕ್ಕೆ ನಮ್ಮ ಬೀದಿಯವನೇ ಒಬ್ಬ ಬೇಕು.

ಆದುದರಿಂದ, ಮುಂದಿನ ಸಲ ಈ ಕಡೆಗೆ ಚಿತ್ತೈಸುವಾಗ ಭಾಷಣವನ್ನು ಕೊಯಮತ್ತೂರಿನಲ್ಲಿಯೇ ಬಿಟ್ಟು, ನಮ್ಮ ನೆರೆಹಳ್ಳಿಗಳ ಪಂಚಾಯತಿ ಚುನಾವಣೆಯ ತಾರೀಖನ್ನು ಮಾತ್ರ ಒಂದು ಚೀಟಿಯಲ್ಲಿ ಬರೆಯಿಸಿಕೊಂಡು ಬರಬೇಕಾಗಿ ಪ್ರಾರ್ಥನೆ.

ಇತಿ ತಮ್ಮ ವಿಧೇಯ,
ಒಬ್ಬ ಮತದಾರ