ಚಿ. ಖಂಡ ಒಂಬತ್ತಕ್ಕೆ ಒಂದು ಬಹಿರಂಗ ಪತ್ರ

ಸರಸ್ವತಿಪುರಂ, ಮೈಸೂರು

ಚಿರಂಜೀವಿ ಖಂಡ ಒಂಬತ್ತಕ್ಕೆ, ಮೈಸೂರಿನಿಂದ ನಿನ್ನ ದೊಡ್ಡಪ್ಪ ಮಾಡುವ ಅನಂತ ಆಶೀರ್ವಾದಗಳು. ಉಭಯಕುಶಲೋಪರಿ ಸಾಂಪ್ರತ.

ಮುಂದಿನ ಅಧಿವೇಶನಕ್ಕೆ ನಿನ್ನನ್ನು ಯಾವುದೋ ತಿದ್ದುಪಡಿ ವಿಧೇಯಕದೊಳಗೆ ಕೂರಿಸಿ ವಿಧಾನಸೌಧಕ್ಕೆ ಕಳಿಸುತ್ತಿದ್ದಾರೆಂದು ತಿಳಿದು ಸಂತೋಷವಾಯಿತು. ಯಾವ ಇಲಾಖೆ, ಏನು ಉದ್ದೇಶ ಅಂತ ನಾನು ಕೇಳುವುದಿಲ್ಲ. ಸದನದಲ್ಲೂ ಯಾರೂ ಕೇಳಲಿಕ್ಕಿಲ್ಲ, ಆ ಅಂಜಿಕೆ ಬಿಡು. ಆದರೂ ಮೊದಲ ಸಲ ಹೊರಟಿದ್ದೀಯ. ಹಿರಿಯನಾದವನು ನಾಲ್ಕು ಮಾತು ಹೇಳಬೇಕು.

ಒಂಟಿಯಾಗಿ ಹೋಗಬೇಡ. ನೀನೊಬ್ಬನೇ ಒಂದು ವಿಧೇಯಕವಾಗಿ ಹೋದರೆ ನಿನ್ನ ಗುಟ್ಟೆಲ್ಲ ಹೆಸರಿನಲ್ಲೇ ಬಯಲಾಗುತ್ತದೆ. ಮಾರನೆಯ ದಿನ ಪತ್ರಿಕೆಯವರು ದಪ್ಪಕ್ಷರದಲ್ಲಿ ಹಾಕುತ್ತಾರೆ, ವಿರೋಧ ಪಕ್ಷದವರು ಹಿಂದಿನ ರಾತ್ರಿಯೇ ಓದಿಕೊಂಡು ಬರುತ್ತಾರೆ. ಹತ್ತು ಜನರ ಜೊತೆ ಹೋಗು. ನಮ್ಮ ರಾಜ್ಯದಲ್ಲಿ ಅದಕ್ಕೆಂದೇ ಒಳ್ಳೆಯ ಶೀರ್ಷಿಕೆಯೊಂದು ಸಿದ್ಧವಿದೆ: ಇಂಥ ಕಾಯ್ದೆ ‘ಮತ್ತು ಕೆಲವು ಇತರ ಕಾನೂನು (ತಿದ್ದುಪಡಿ) ವಿಧೇಯಕ’. ಮುಂದಿನ ಕಾಯ್ದೆ ಮುಖ ತೋರಿಸುತ್ತದೆ, ನೀನು ಹಿಂದಿನ ‘ಕೆಲವು ಇತರ’ದಲ್ಲಿ ತಣ್ಣಗೆ ಕೂತಿರು.

ಭಾಷೆಯ ಬಗ್ಗೆ ನಿನಗೆ ಹೇಳಿಕೊಡಬೇಕಾಗಿಲ್ಲ, ಹುಟ್ಟಿನಿಂದಲೇ ಬಂದಿದೆ. ‘ಮೂಲ ಅಧಿನಿಯಮದ ಇಂತಿಂಥ ಪ್ರಕರಣದಲ್ಲಿ ಎರಡನೇ ಉಪಪ್ರಕರಣದ ಬದಲಾಗಿ ಈ ಕೆಳಗಿನದನ್ನು ಪ್ರತಿಯೋಜಿಸತಕ್ಕದ್ದು.’ ಇದು ಅರ್ಥವಾಗಬೇಕಾದರೆ ಶಾಸಕರ ಎಡಗೈಯಲ್ಲಿ ಮೂಲ ಕಾಯ್ದೆ ಇರಬೇಕು, ಬಲಗೈಯಲ್ಲಿ ನೀನಿರಬೇಕು, ಅದಕ್ಕೆ ಹಿಂದೆ ಆದ ತಿದ್ದುಪಡಿಗಳು ಮಡಿಲಲ್ಲಿರಬೇಕು. ಮೇಜು ಕುಟ್ಟಲು ಆಮೇಲೆ ಯಾವ ಕೈ ಉಳಿಯಿತು ಹೇಳು?

ನಿನ್ನ ಕುಲದಲ್ಲೊಬ್ಬ ಮಹಾಪುರುಷನಿದ್ದಾನೆ. ಅವನ ಕಥೆ ಕೇಳಿಸಿಕೋ. ದೇಶದ ದೊಡ್ಡ ಪಕ್ಷಗಳೆರಡೂ ವಿದೇಶಿ ದೇಣಿಗೆಯ ಕಾನೂನು ಮೀರಿವೆ ಎಂದು ದೆಹಲಿ ಹೈಕೋರ್ಟ್ 2014ರಲ್ಲಿ ಹೇಳಿತು. 2018ರ ಹಣಕಾಸು ವಿಧೇಯಕದೊಳಗೆ ಒಂದು ಪುಟ್ಟ ಖಂಡ ಹೊಕ್ಕಿತು. ದೇಣಿಗೆ ಕಾನೂನಿನಲ್ಲಿ ವಿದೇಶಿ ಮೂಲ ಎಂದರೆ ಏನು ಎಂಬುದನ್ನು 1976ರ ಆಗಸ್ಟ್ 5ರಿಂದಲೇ ಅನ್ವಯವಾಗುವಂತೆ ಸಡಿಲಿಸಿತು. ನಲವತ್ತೆರಡು ವರ್ಷದ ಹಿಂದಕ್ಕೆ ಹೋಗಿ ತಪ್ಪನ್ನು ತಪ್ಪೇ ಅಲ್ಲವೆನಿಸಿ ಬಂದ ಸಾಹಸಿ! ಅವನಿದ್ದ ವಿಧೇಯಕಕ್ಕೆ ಆ ವರ್ಷದ ಮಾರ್ಚ್ 14ರಂದು ಲೋಕಸಭೆ ಒಪ್ಪಿಗೆ ಕೊಟ್ಟಿತು. ಗದ್ದಲದ ನಡುವೆ, ಎಲ್ಲ ಇಲಾಖೆಗಳ ಅನುದಾನದ ಬೇಡಿಕೆಗಳ ಜೊತೆಗೆ, ಸುಮಾರು ಅರ್ಧ ಗಂಟೆಯಲ್ಲಿ. ಗಿಲೊಟಿನ್ ಅಂತ ಅದಕ್ಕೊಂದು ಹೆಸರಿದೆ. ಫ್ರಾನ್ಸಿನಲ್ಲಿ ಅದರಿಂದ ತಲೆ ಕಡಿಯುತ್ತಿದ್ದರು, ನಮ್ಮಲ್ಲಿ ಚರ್ಚೆ.

ನಿಯಮಗಳಿಗೆ ಹೆದರಬೇಕೆ? ಹೆದರಬೇಡ, ಅವು ಬಹಳ ಮೃದು ಸ್ವಭಾವದವು. ತಿದ್ದುಪಡಿ ಎಂಬುದು ವಿಧೇಯಕದ ವ್ಯಾಪ್ತಿಯೊಳಗೇ ಇರಬೇಕು ಎಂದು ಲೋಕಸಭೆಯ 80ನೇ ನಿಯಮ ಹೇಳುತ್ತದೆ. ವ್ಯಾಪ್ತಿಯ ಹೊರಗಿನ ಖಂಡವೊಂದನ್ನು ಒಳಗೆ ತರಬೇಕಾದಾಗ ಸಚಿವರು ಎದ್ದು ನಿಂತು, ಆ ನಿಯಮವನ್ನೇ ಈ ಮಟ್ಟಿಗೆ ಅಮಾನತಿನಲ್ಲಿಡಿ ಎಂದು ಕೋರುತ್ತಾರೆ. ಸದನ ಒಪ್ಪುತ್ತದೆ. ಅಮಾನತಾದಾಗ ನಿಯಮಗಳು ಶಾಸಕರ ಹಾಗೆ ಧರಣಿ ಕೂರುವುದಿಲ್ಲ.

ಸದನದಲ್ಲಿ ಏನಾಗುತ್ತದೆಂದರೆ, ಮೊದಲು ಪರ್ಯಾಲೋಚನೆ. ವಿಧೇಯಕದ ತತ್ತ್ವದ ಬಗ್ಗೆ ಮಾತು. ಹತ್ತು ಸಂಗತಿ ಒಟ್ಟಿಗಿರುವ ವಿಧೇಯಕಕ್ಕೆ ಒಂದು ತತ್ತ್ವ ಎಲ್ಲಿಂದ ಬರಬೇಕು? ಹಾಗಾಗಿ ಮಾತನಾಡುವವರು ಹೆದ್ದಾರಿಯ ಗುಂಡಿಯಿಂದ ಹಿಡಿದು ಎದುರಿನವರ ಹಳೆಯ ಹಗರಣದವರೆಗೆ ಹೋಗಿ ಬರುತ್ತಾರೆ. ನಿನ್ನ ಹತ್ತಿರ ಯಾರೂ ಸುಳಿಯುವುದಿಲ್ಲ. ಆಮೇಲೆ ಬರುವುದು ನಿನ್ನ ಗಳಿಗೆ. ಯಾರೂ ತಿದ್ದುಪಡಿ ಸೂಚನೆ ಕೊಟ್ಟಿರದಿದ್ದರೆ ಖಂಡಗಳನ್ನು ಗುಂಪಾಗಿ ಮತಕ್ಕೆ ಹಾಕುವುದು ರೂಢಿ. ‘ಖಂಡ ಎರಡರಿಂದ ಹದಿನಾಲ್ಕು’ ಅಂತ ಕೇಳಿಸುತ್ತದೆ. ಹೌದು ಎನ್ನುವವರು ಹೌದು ಎನ್ನುತ್ತಾರೆ. ಇಲ್ಲ ಎನ್ನಬೇಕಾದವರು ಸದನದ ಬಾವಿಯಲ್ಲಿ ಬೇರೆ ವಿಷಯಕ್ಕೆ ಇಲ್ಲ ಎನ್ನುತ್ತಿರುತ್ತಾರೆ. ಅಷ್ಟೊತ್ತಿಗೆ ನೀನು ಕಾನೂನು. ಒಂಬತ್ತು ಎಂಬ ಸಂಖ್ಯೆಯನ್ನು ಯಾರೂ ಬಾಯಿಬಿಟ್ಟು ಹೇಳಿಯೂ ಇರುವುದಿಲ್ಲ.

ನಮ್ಮ ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆ ಕೊಳ್ಳುವ ಹೆಂಗಸರಾದರೂ ಕಟ್ಟು ಬಿಚ್ಚಿ, ನಡುವಿನ ಕೊಳೆತ ಎಲೆ ತೆಗೆದಿಟ್ಟು, ‘ಇದು ಬೇಡಪ್ಪ’ ಅಂತಾರೆ. ಶಾಸಕರಿಗೆ ಆ ಸೌಕರ್ಯ ಕಷ್ಟ. ಕಟ್ಟಿಗೆ ಕಟ್ಟೇ ಹೌದು, ಇಲ್ಲವೇ ಕಟ್ಟಿಗೆ ಕಟ್ಟೇ ಇಲ್ಲ. ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿ 1985ರಲ್ಲಿ ಬಂದ ಮೇಲೆ, ವಿಪ್ ಕೊಟ್ಟಿದ್ದರೆ ಆಡಳಿತ ಪಕ್ಷದವರಿಗೆ ಎರಡನೆಯದೂ ಇಲ್ಲ.

ಸರ್ಕಾರ ಬದಲಾದರೆ ಗತಿಯೇನು ಎಂಬ ಚಿಂತೆಯೂ ಬೇಡ. 2020ರ ಡಿಸೆಂಬರ್ 9ರಂದು ಬಿಜೆಪಿ ಸರ್ಕಾರ ಗೋಹತ್ಯೆ ನಿಷೇಧದ ವಿಧೇಯಕವನ್ನು ವಿಧಾನಸಭೆಯಲ್ಲಿ ಚರ್ಚೆಯಿಲ್ಲದೆ ಪಾಸು ಮಾಡಿಕೊಂಡಾಗ, ಕಲಾಪ ಸಲಹಾ ಸಮಿತಿಯಲ್ಲಿ ಇದರ ಪ್ರಸ್ತಾಪವೇ ಆಗಿರಲಿಲ್ಲ ಎಂದು ವಿರೋಧ ಪಕ್ಷದ ನಾಯಕರು ಸಿಡಿದೆದ್ದರು. ಆ ನಾಯಕರು ನಮ್ಮೂರಿನವರೇ, ಸಿದ್ದರಾಮಯ್ಯ. 2025ರ ಮಾರ್ಚ್ 21ಕ್ಕೆ ಅವರೇ ಮುಖ್ಯಮಂತ್ರಿ. ಅವತ್ತು ವಿಧಾನಸಭೆಯಲ್ಲಿ ಹನಿಟ್ರ್ಯಾಪ್ ಆರೋಪದ ಗದ್ದಲ. ಬಿಜೆಪಿ ಸದಸ್ಯರು ಹರಿದೆಸೆದ ಕಾಗದದ ಚೂರುಗಳು ಸಭಾಧ್ಯಕ್ಷ ಯು.ಟಿ. ಖಾದರ್ ಅವರ ಪೀಠದ ಸುತ್ತ ಹಾರಾಡುತ್ತಿದ್ದವು. ಹದಿನೆಂಟು ಮಂದಿ ಆರು ತಿಂಗಳಿಗೆ ಅಮಾನತಾದರು (ಎರಡೇ ತಿಂಗಳಲ್ಲಿ ಅದು ವಾಪಸಾಯಿತು). ಅದೇ ದಿನ ಅದೇ ಸದ್ದಿನಲ್ಲಿ, ಗುತ್ತಿಗೆಯಲ್ಲಿ ಮೀಸಲಾತಿ ಕೊಡುವ ವಿಧೇಯಕವೂ ಶಾಸಕರ, ಸಚಿವರ ಸಂಬಳ ಏರಿಸುವ ವಿಧೇಯಕಗಳೂ ಪಾಸಾದವು. ಶಾಸಕರ ಸಂಬಳ 40,000ದಿಂದ 80,000ಕ್ಕೆ, ಮುಖ್ಯಮಂತ್ರಿಯದು 75,000ದಿಂದ ಒಂದೂವರೆ ಲಕ್ಷಕ್ಕೆ. ಹರಿದ ಕಾಗದದಲ್ಲಿ ಸಂಬಳದ ವಿಧೇಯಕವೂ ಇತ್ತೋ ಇಲ್ಲವೋ, ಹರಿದವರ ಸಂಬಳವೂ ಏರಿತು. ಸರ್ವಪಕ್ಷ ಸಹಮತಕ್ಕೆ ಇಷ್ಟು ಗದ್ದಲ ಬೇಕಾದದ್ದು ನಾನು ಕಂಡಂತೆ ಅಪರೂಪ.

ದೆಹಲಿಯಲ್ಲೂ ಇದೇ ಪಾಡು. ರಾಜ್ಯಸಭೆಯಲ್ಲಿ 2020ರ ಸೆಪ್ಟೆಂಬರ್ 20ರಂದು ಕೃಷಿ ವಿಧೇಯಕಗಳಲ್ಲಿ ಎರಡನ್ನು ಒಟ್ಟಿಗೆ ಎತ್ತಿಕೊಂಡರು. ಎಣಿಸಿ ಮತ ಹಾಕಿ ಅಂತ ವಿರೋಧ ಪಕ್ಷಗಳು ಕೂಗಿದವು. ಕೇಳುವವರು ತಮ್ಮ ಜಾಗದಲ್ಲಿ ಕೂತು ಕೇಳಬೇಕು ಎಂಬ ಕಾರಣಕ್ಕೆ ಎಣಿಕೆ ಆಗಲಿಲ್ಲ, ಧ್ವನಿಮತವಾಯಿತು. ಮರುವರ್ಷ ನವೆಂಬರ್ 29ರಂದು ಆ ಕಾನೂನುಗಳನ್ನು ರದ್ದು ಮಾಡಿದ ವಿಧೇಯಕಕ್ಕೆ ಚರ್ಚೆಯೇ ಸಿಗಲಿಲ್ಲ. ಬಂದಾಗ ಎಣಿಕೆಯಿಲ್ಲ, ಹೋದಾಗ ಮಾತಿಲ್ಲ. ನಡುವೆ ಮಾತಾಡಿದವರು ದೆಹಲಿಯ ಗಡಿಯಲ್ಲಿ ಚಳಿಯಲ್ಲಿ ಕೂತ ರೈತರು.

ಇನ್ನು, ಯಾವುದರಿಂದ ದೂರವಿರಬೇಕು ಅಂತಲೂ ಹೇಳಿಬಿಡುತ್ತೇನೆ. ಸಮಿತಿ ಎಂಬ ಕಡೆಗೆ ತಲೆಹಾಕಬೇಡ. 42 ಕೇಂದ್ರ ಕಾಯ್ದೆಗಳನ್ನು ಒಂದೇ ಏಟಿಗೆ ತಿದ್ದಿದ 2023ರ ಜನವಿಶ್ವಾಸ ಕಾಯ್ದೆ ಮೊದಲು ಜಂಟಿ ಸಮಿತಿಗೆ ಹೋಗಿ ಬಂದಿತ್ತು. ಗ್ರೇಟರ್ ಬೆಂಗಳೂರು ಆಡಳಿತ ವಿಧೇಯಕವನ್ನು 2024ರ ಜುಲೈನಲ್ಲಿ ಮಂಡಿಸಿ ಜಂಟಿ ಪರಿಶೀಲನಾ ಸಮಿತಿಗೆ ಕೊಟ್ಟರು. ಸದನಕ್ಕೆ ಮರಳಿ ಪಾಸಾಗುವಾಗ 2025ರ ಮಾರ್ಚ್. ಕಟ್ಟು ಎಷ್ಟು ದೊಡ್ಡದಾದರೂ ಅಲ್ಲಿ ಬಿಚ್ಚಿ ಕೂರುತ್ತಾರೆ, ಒಂದೊಂದನ್ನೇ ಕೈಗೆತ್ತಿಕೊಂಡು ‘ಇದು ಯಾಕೆ?’ ಅಂತ ಅಧಿಕಾರಿಗಳನ್ನು ಕೇಳುತ್ತಾರೆ. ಅಂಥ ಜಾಗ ನಿನ್ನಂಥವನಿಗೆ ಒಗ್ಗುವುದಿಲ್ಲ.

ಹಾಗೆಯೇ ನಮ್ಮೂರಿಗೆ ಬರುವುದಿದ್ದರೆ ದಸರೆ ನೋಡಿಕೊಂಡು ಹೋಗು, ಚರಿತ್ರೆ ಕೆದಕಬೇಡ. ದಿವಾನ್ ರಂಗಾಚಾರ್ಲು 1881ರಲ್ಲಿ ಪ್ರಜಾ ಪ್ರತಿನಿಧಿ ಸಭೆ ಶುರುಮಾಡಿದರು, ಅದು ದಸರೆಯ ಹೊತ್ತಿಗೆ ಇಲ್ಲೇ ಸೇರುತ್ತಿತ್ತು. 1907ರಲ್ಲಿ ಶಾಸನ ಸಭೆ ಮೊದಲು ಕೂಡಿದ್ದು ಜಗನ್ಮೋಹನ ಅರಮನೆಯಲ್ಲಿ. 1923ರ ಕಾನೂನಿನ ಪ್ರಕಾರ, ಯಾವ ಮಸೂದೆಯನ್ನೇ ಆಗಲಿ ಶಾಸನ ಸಭೆಗೆ ತರುವ ಮೊದಲು ಅದರ ಸಾಮಾನ್ಯ ತತ್ತ್ವಗಳ ಬಗ್ಗೆ ಪ್ರತಿನಿಧಿ ಸಭೆಯ ಅಭಿಪ್ರಾಯ ಕೇಳಬೇಕಿತ್ತು. ಹೊಸ ತೆರಿಗೆಗೂ ಅಷ್ಟೇ. ಕೇಳಿದ್ದನ್ನು ಒಪ್ಪಲೇಬೇಕೆಂದಿರಲಿಲ್ಲ, ಮತದಾನದ ಹಕ್ಕೂ ಕೆಲವರಿಗಷ್ಟೇ ಇತ್ತು, ಅದನ್ನು ಸ್ವರ್ಗ ಅಂತ ನಾನೇನೂ ಹೇಳುತ್ತಿಲ್ಲ. ಆದರೆ ಅರಸರ ಸರ್ಕಾರಕ್ಕೂ ‘ಮೊದಲು ಕೇಳು’ ಎಂಬ ಕಟ್ಟುಪಾಡಿತ್ತು. 1949ರಲ್ಲಿ ಆ ಸಭೆಗಳು ಮುಗಿದವು. ನೀನು ತಡವಾಗಿ ಹುಟ್ಟಿದ್ದು ನಿನ್ನ ಪುಣ್ಯ.

ಒಂದೇ ಒಂದು ಗಂಡಾಂತರ ಉಳಿದಿದೆ. ಯಾರಾದರೂ ಒಬ್ಬ ಸದಸ್ಯ ನಿನ್ನನ್ನು ಓದಿ, ಖಂಡ ಒಂಬತ್ತಕ್ಕೆ ಅಂತಲೇ ತಿದ್ದುಪಡಿ ಸೂಚನೆ ಕೊಟ್ಟುಬಿಟ್ಟರೆ ನಿನ್ನನ್ನು ಗುಂಪಿನಿಂದ ಹೊರಗೆ ಕರೆಯಬೇಕಾಗುತ್ತದೆ. ಅವರು ಸೋಲಬಹುದು, ಆದರೂ ನೀನು ಯಾಕೆ ಬಂದೆ ಅಂತ ಸಚಿವರು ಬಾಯಿಬಿಡಬೇಕು. ಅದು ಕಡತದಲ್ಲಿ ಉಳಿಯುತ್ತದೆ. ಇದಕ್ಕೆ ಹೊಸ ನಿಯಮ ಬೇಡ, ಇರುವ ನಿಯಮವೇ ಸಾಕು.

ಈ ಪತ್ರ ಬಹಿರಂಗವಾದದ್ದರಿಂದ ನಿನ್ನ ಜೊತೆ ಮೈಸೂರಿನ ಮತದಾರರೂ ಓದುತ್ತಿರಬಹುದು. ಅವರಲ್ಲಿ ಕೈಮುಗಿದು ಕೇಳುವುದಿಷ್ಟು: ನಿಮ್ಮ ಶಾಸಕರು ಮದುವೆಗೋ ನಾಮಕರಣಕ್ಕೋ ಗುದ್ದಲಿ ಪೂಜೆಗೋ ಸಿಕ್ಕಾಗ, ಕಳೆದ ಅಧಿವೇಶನದಲ್ಲಿ ಯಾವ ವಿಧೇಯಕದ ಯಾವ ಖಂಡಕ್ಕೆ ತಿದ್ದುಪಡಿ ಸೂಚನೆ ಕೊಟ್ಟಿರಿ ಅಂತ ಕೇಳಿ. ಉತ್ತರ ಬರೆದುಕೊಳ್ಳಿ.

ಇಂತಿ ಆಶೀರ್ವಾದಗಳು,
ನಿನ್ನ ದೊಡ್ಡಪ್ಪ