ಬುದ್ಬುದ ಮೀಮಾಂಸೆ: ಐರ್ಲೆಂಡ್ ಶಾಖೆ

ಮನೆಗುಳ್ಳೆಯ ಶಾಸ್ತ್ರಕ್ಕೆ ಹಲವು ಶಾಖೆಗಳಿವೆ. 1980ರ ದಶಕದ ಟೋಕಿಯೊ ಶಾಖೆ ಹಳತು. 2008ರ ಅಮೆರಿಕನ್ ಶಾಖೆಗೆ ಭಾಷ್ಯ, ಟೀಕೆ, ಸಿನಿಮಾ ಎಲ್ಲವೂ ಆಗಿಹೋಗಿ ಈಗ ಅಲ್ಲಿ ಭಕ್ತರ ನೂಕುನುಗ್ಗಲು. ತತ್ತ್ವವನ್ನು ಕಲಬೆರಕೆಯಿಲ್ಲದೆ ಅರಿಯಬಯಸುವ ಜಿಜ್ಞಾಸುಗಳು ಐರ್ಲೆಂಡಿಗೇ ಹೋಗಬೇಕು. 2006ರಲ್ಲಿ ಸುಮಾರು 42 ಲಕ್ಷ ಜನರಿದ್ದ ಆ ಪುಟ್ಟ ದೇಶ ಕೆಲವೇ ವರ್ಷಗಳಲ್ಲಿ ಸೂತ್ರ, ಭಾಷ್ಯ, ಖಂಡನೆ, ಪ್ರಾಯಶ್ಚಿತ್ತ ನಾಲ್ಕನ್ನೂ ಮುಗಿಸಿತು.

ಮೂಲಸೂತ್ರ ಚಿಕ್ಕದು: ಬೆಲೆ ಏರುತ್ತಿದೆ, ಆದ್ದರಿಂದ ಕೊಳ್ಳಬೇಕು, ಎಲ್ಲರೂ ಕೊಳ್ಳುತ್ತಿದ್ದಾರೆ, ಆದ್ದರಿಂದ ಬೆಲೆ ಏರುತ್ತದೆ. ನಮ್ಮ ತಾರ್ಕಿಕರು ಇದನ್ನು ಅನ್ಯೋನ್ಯಾಶ್ರಯ ದೋಷ ಎಂದು ತಳ್ಳಿಹಾಕುತ್ತಿದ್ದರು. ಡಬ್ಲಿನ್ನಿನ ಬ್ಯಾಂಕುಗಳು ಅದಕ್ಕೆ ಮಾಸಿಕ ಕಂತು ಗೊತ್ತುಮಾಡಿದವು.

ಕಾರಣವಿಲ್ಲದೆ ಕಾರ್ಯವಿಲ್ಲವಾದ್ದರಿಂದ ನಿಮಿತ್ತ ಕಾರಣವನ್ನೂ ನೋಡಬೇಕು. ಯೂರೊ ಒಪ್ಪಿಕೊಂಡ ಮೇಲೆ ಐರ್ಲೆಂಡಿನ ಬಡ್ಡಿದರವನ್ನು ಫ್ರಾಂಕ್‌ಫರ್ಟ್‌ನಲ್ಲಿರುವ ಯುರೋಪಿಯನ್ ಕೇಂದ್ರ ಬ್ಯಾಂಕ್ ನಿಗದಿಪಡಿಸತೊಡಗಿತು. 2003ರ ಜೂನ್‌ನಿಂದ 2005ರ ಡಿಸೆಂಬರ್‌ವರೆಗೆ ಆ ದರ ಶೇ. 2ರಲ್ಲೇ ನಿಂತಿತ್ತು. ಮಂದಗತಿಯ ಜರ್ಮನಿಗೆ ಅದು ಪಥ್ಯ. ಓಟದಲ್ಲಿದ್ದ ಐರ್ಲೆಂಡಿಗೆ ಮದ್ಯ. ಅಲ್ಲಿನ ಬ್ಯಾಂಕುಗಳು ತಮ್ಮ ಠೇವಣಿ ಸಾಲದೆ ವಿದೇಶದಿಂದ ಅಲ್ಪಾವಧಿ ಸಾಲ ತಂದು, ಜನರಿಗೆ ಮೂವತ್ತೈದು ವರ್ಷಗಳ ಸಾಲ ಕೊಟ್ಟವು. 2005ರ ಹೊತ್ತಿಗೆ ಮನೆಯ ಪೂರ್ತಿ ಬೆಲೆಯನ್ನೇ ಸಾಲವಾಗಿ ಕೊಡುವ ಪದ್ಧತಿಯೂ ಬಂತು. ಚಾರ್ವಾಕರು ತುಪ್ಪಕ್ಕಾಗಿ ಸಾಲ ಮಾಡಿ ಎಂದಿದ್ದರಷ್ಟೆ. ತುಪ್ಪ ತಿನ್ನದೆ ಇಟ್ಟುಕೊಂಡರೆ ಮುಂದಿನ ವರ್ಷ ಹೆಚ್ಚಿನ ಬೆಲೆಗೆ ಮಾರಬಹುದೆಂಬುದು ಆ ಪಾಪದವರಿಗೆ ಹೊಳೆದಿರಲಿಲ್ಲ.

ಇನ್ನು ಪ್ರಮಾಣ ವಿಚಾರ. ಐರಿಷ್ ಶಾಖೆಯ ಸ್ವಂತಿಕೆ ಇರುವುದೇ ಇಲ್ಲಿ. 2006ರ ಜನಗಣತಿ ಬೇಸಿಗೆ ಮನೆಗಳೂ ಸೇರಿ ಸುಮಾರು 2,66,000 ಮನೆಗಳು ಖಾಲಿ ಎಂದು ಎಣಿಸಿಕೊಟ್ಟಿತು. ದೇಶದಲ್ಲಿದ್ದ ಪ್ರತಿ ನೂರು ಮನೆಗಳಲ್ಲಿ ಹದಿನೈದು. ಅದೇ ವರ್ಷ ಇನ್ನೂ 90,000ದಷ್ಟು ಹೊಸ ಮನೆಗಳು ಎದ್ದವು. ಇದು ಪ್ರತ್ಯಕ್ಷ ಪ್ರಮಾಣ. ಆದರೆ ಈ ಶಾಖೆಯವರಿಗೆ ಪ್ರತ್ಯಕ್ಷ ಗ್ರಾಹ್ಯವಲ್ಲ, ಆಪ್ತವಾಕ್ಯ ಮಾತ್ರ ಗ್ರಾಹ್ಯ. ಆಪ್ತರೆಂದರೆ ಬ್ಯಾಂಕುಗಳ ಸಂಬಳದ ಅರ್ಥಶಾಸ್ತ್ರಜ್ಞರು, ಮನೆ ಮಾರುವ ಏಜೆಂಟರು, ಅವರ ಜಾಹೀರಾತು ಪುರವಣಿಯಿಂದ ಕೊಬ್ಬಿದ ಪತ್ರಿಕೆಗಳು. ಬೆಲೆ ಇಳಿದರೂ ಮೆತ್ತಗೆ ಇಳಿಯುತ್ತದೆ ಎಂಬ ‘ಮೃದು ಇಳಿಕೆ’ಯ ವಾದಕ್ಕೆ 2007ರಲ್ಲಿ ಅಲ್ಲಿನ ಕೇಂದ್ರ ಬ್ಯಾಂಕಿನ ಮುದ್ರೆಯೂ ಬಿದ್ದಿತ್ತು.

ನಾಸ್ತಿಕರಿಲ್ಲದೆ ದರ್ಶನವಿಲ್ಲ. ಯೂನಿವರ್ಸಿಟಿ ಕಾಲೇಜ್ ಡಬ್ಲಿನ್ನಿನ ಪ್ರೊಫೆಸರ್ ಮಾರ್ಗನ್ ಕೆಲ್ಲಿ, ಬೇರೆ ದೇಶಗಳ ಹಳೆಯ ಏರಿಳಿತಗಳನ್ನು ಲೆಕ್ಕಹಾಕಿ, 2006ರ ಕೊನೆಯಲ್ಲಿ ‘ಐರಿಷ್ ಟೈಮ್ಸ್’ನಲ್ಲಿ ಒಂದು ಲೇಖನ ಬರೆದರು. ಮನೆಬೆಲೆ ಶೇ. 40ರಿಂದ 60ರಷ್ಟು ಕುಸಿಯಬಹುದು ಎಂಬುದು ಅದರ ತಿರುಳು. 2007ರ ಜುಲೈಯಲ್ಲಿ ಪ್ರಧಾನಿ ಬರ್ಟಿ ಅಹರ್ನ್, ಆರ್ಥಿಕತೆಯ ಬಗ್ಗೆ ಗೊಣಗುವವರು ಏಕೆ ಆತ್ಮಹತ್ಯೆ ಮಾಡಿಕೊಳ್ಳುವುದಿಲ್ಲವೋ ತಮಗೆ ತಿಳಿಯದು ಎಂಬರ್ಥದ ಮಾತಾಡಿದರು; ಆಮೇಲೆ ಕ್ಷಮೆ ಕೇಳಿದರು. ಶಾಸ್ತ್ರಾರ್ಥದ ಇತಿಹಾಸದಲ್ಲಿ ಇಷ್ಟು ಚುಟುಕಾದ ಖಂಡನೆ ವಿರಳ. ಅಷ್ಟರಲ್ಲಿ ಬೆಲೆಗಳು ಇಳಿಯತೊಡಗಿದ್ದವು. 2013ರ ಆರಂಭದ ಹೊತ್ತಿಗೆ ಅರ್ಧಕ್ಕರ್ಧ ಇಳಿದಿದ್ದವು.

ಇಲ್ಲೊಂದು ಪೂರ್ವಪಕ್ಷ: ಮನೆ ಕೊಂಡವನು ಮುಳುಗಿದರೆ ಅವನ ಕರ್ಮ, ಪಕ್ಕದ ಮನೆಯ ಬಾಡಿಗೆದಾರನಿಗೇನು ನಷ್ಟ? ಪ್ರಶ್ನೆ ಸಾಧುವಾದುದೇ. ಆದರೆ ದೇಶದ ಪ್ರತಿ ಎಂಟು ಉದ್ಯೋಗಗಳಲ್ಲಿ ಒಂದು ಕಟ್ಟಡ ಕೆಲಸದ್ದಾಗಿತ್ತು. ಸರ್ಕಾರದ ಬೊಕ್ಕಸ ಆಸ್ತಿ ನೋಂದಣಿಯ ಮುದ್ರಾಂಕ ಶುಲ್ಕದ ರುಚಿ ಹತ್ತಿ, ಆದಾಯ ತೆರಿಗೆಯನ್ನು ಉದಾರವಾಗಿ ಇಳಿಸಿಕೊಂಡಿತ್ತು. ಗಾರೆಯವನ ಕೆಲಸ ಹೋದಾಗ ಬಡಗಿಯ ಕೆಲಸ ಹೋಯಿತು, ಸೋಫಾ ಅಂಗಡಿ ಮುಚ್ಚಿತು, ಇವರಿಬ್ಬರೂ ಹೋಗುತ್ತಿದ್ದ ಪಬ್ ಖಾಲಿಯಾಯಿತು, ಕೊನೆಗೆ ಇವರೆಲ್ಲರ ತೆರಿಗೆಯಿಂದ ನಡೆಯುತ್ತಿದ್ದ ಆಸ್ಪತ್ರೆಗೆ ದುಡ್ಡು ಸಾಲದಾಯಿತು. ಶೇ. 5ಕ್ಕಿಂತ ಕಡಿಮೆಯಿದ್ದ ನಿರುದ್ಯೋಗ 2012ರ ಹೊತ್ತಿಗೆ ಶೇ. 15ರ ಆಸುಪಾಸು ಮುಟ್ಟಿತು. ಯುವಕರು ಆಸ್ಟ್ರೇಲಿಯಾ, ಕೆನಡಾಗಳ ವಿಮಾನ ಹತ್ತಿದರು.

ಕರ್ಮಸಿದ್ಧಾಂತಕ್ಕೆ ಐರ್ಲೆಂಡಿನ ತಿದ್ದುಪಡಿ ಬಂದದ್ದು 2008ರ ಸೆಪ್ಟೆಂಬರ್ 29ರ ರಾತ್ರಿ. ಅದಕ್ಕೆ ಎರಡು ವಾರ ಮುಂಚೆ ಅಮೆರಿಕದ ಲೆಹ್ಮನ್ ಬ್ರದರ್ಸ್ ಬ್ಯಾಂಕ್ ಬಿದ್ದು, ವಿದೇಶದಿಂದ ಬರುತ್ತಿದ್ದ ಅಲ್ಪಾವಧಿ ಸಾಲ ನಿಂತುಹೋಗಿತ್ತು. ಪ್ರಧಾನಿ ಬ್ರಯನ್ ಕೋವೆನ್, ಹಣಕಾಸು ಮಂತ್ರಿ ಬ್ರಯನ್ ಲೆನಿಹನ್ ಬೆಳಗಾಗುವುದರೊಳಗೆ ಆರು ಬ್ಯಾಂಕಿಂಗ್ ಸಂಸ್ಥೆಗಳ ಸುಮಾರು 44,000 ಕೋಟಿ ಯೂರೊ ಹೊಣೆಗೆ ಸರ್ಕಾರದ ಜಾಮೀನು ಕೊಟ್ಟರು. ಇದು ದೇಶದ ವರ್ಷದ ಒಟ್ಟು ಉತ್ಪನ್ನದ ಎರಡು ಪಟ್ಟಿಗೂ ಮೀರಿದ ಮೊತ್ತ. ಜಗತ್ತಿನಲ್ಲೇ ಅಗ್ಗದ ಪಾರುಗಾಣಿಕೆ ಇದು ಎಂದು ಮಂತ್ರಿಗಳು ಹೆಮ್ಮೆಪಟ್ಟರು. ಕೊನೆಗೆ ಬಿದ್ದ ಖರ್ಚು ಸುಮಾರು 6,400 ಕೋಟಿ ಯೂರೊ. ಕೈಗೂಸಿನಿಂದ ಮುದುಕರವರೆಗೆ ತಲೆಗೆ 14,000 ಯೂರೊದಷ್ಟು. ಹಳೆಯ ಸಿದ್ಧಾಂತದಲ್ಲಿ ಮಾಡಿದವನೇ ಫಲ ಉಣ್ಣಬೇಕಿತ್ತು. ಹೊಸದರಲ್ಲಿ ಲಾಭ ಮಾಡಿದವನದು, ಫಲ ನೆರೆಯವನದು. 2010ರ ನವೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟ ಮತ್ತು ಐಎಂಎಫ್ ಮುಂದೆ ಕೈಯೊಡ್ಡಿದ ಹೊತ್ತಿಗೆ ಲೆನಿಹನ್ ಅವರು, ಮೋಜಿನಲ್ಲಿ ಎಲ್ಲರೂ ಪಾಲ್ಗೊಂಡಿದ್ದರು ಎಂಬರ್ಥದ ವ್ಯಾಖ್ಯಾನ ನೀಡಿ ಸಾಮೂಹಿಕ ಕರ್ಮಕ್ಕೆ ಶಾಸ್ತ್ರಾಧಾರ ಒದಗಿಸಿದರು. ಮರುವರ್ಷ ಕನಿಷ್ಠ ಕೂಲಿಯನ್ನು ಗಂಟೆಗೆ ಒಂದು ಯೂರೊ ಕಡಿತ ಮಾಡಿದ್ದನ್ನು ಗಮನಿಸಿದರೆ, ಮೋಜಿನಲ್ಲಿ ಅತಿ ಹೆಚ್ಚು ಕುಣಿದವರು ಹೋಟೆಲಿನಲ್ಲಿ ತಟ್ಟೆ ತೊಳೆಯುವವರೇ ಇರಬೇಕು. (ಕೆಲವೇ ತಿಂಗಳಲ್ಲಿ ಹೊಸ ಸರ್ಕಾರ ಆ ಯೂರೊವನ್ನು ವಾಪಸು ಕೊಟ್ಟಿತು.)

ಅದ್ವೈತಿಗಳಿಗೂ ಇಲ್ಲಿ ಸಾಮಗ್ರಿಯುಂಟು. 2009ರಲ್ಲಿ ಹುಟ್ಟಿದ ‘ನಾಮಾ’ ಎಂಬ ಸರ್ಕಾರಿ ಸಂಸ್ಥೆ ಬ್ಯಾಂಕುಗಳಿಂದ ಕೊಂಡ ಆಸ್ತಿಸಾಲಗಳ ಮುಖಬೆಲೆ 7,400 ಕೋಟಿ ಯೂರೊ, ಕೊಟ್ಟದ್ದು ಸುಮಾರು 3,200 ಕೋಟಿ. ಮೊದಲನೆಯದು ವ್ಯಾವಹಾರಿಕ ಸತ್ಯ, ಎರಡನೆಯದು ಪಾರಮಾರ್ಥಿಕ. ನಡುವಿನ 4,200 ಕೋಟಿ ಮಾಯೆ. ಡಬ್ಲಿನ್ನಿನಲ್ಲಿ ಗಾಜಿನ ಬಾಟಲಿ ಕಾರ್ಖಾನೆಯಿದ್ದ ಒಂದು ಜಾಗ 2006ರಲ್ಲಿ 41.2 ಕೋಟಿ ಯೂರೊಗೆ ಹೋಗಿತ್ತು. ಕುಸಿತದ ನಂತರ ಅದರ ಅಂದಾಜು ಬೆಲೆ ಐದು ಕೋಟಿಯೊಳಗೆ. ತೆರಿಗೆ ರಿಯಾಯಿತಿ ನಂಬಿ ಲೀಟ್ರಿಮ್, ಲಾಂಗ್‌ಫರ್ಡ್ ಹಳ್ಳಿಗಾಡಿನಲ್ಲಿ ಎಬ್ಬಿಸಿದ ಬಡಾವಣೆಗಳೂ ಸೇರಿ, 2010ರ ಸಮೀಕ್ಷೆಗೆ ಸಿಕ್ಕ ಅರೆಬರೆ ‘ಭೂತ ಬಡಾವಣೆ’ಗಳು 2,800ಕ್ಕೂ ಹೆಚ್ಚು. ನಮ್ಮ ಹಿರಿಯರು ಮನೆ ಕಟ್ಟಿ ನೋಡು ಎಂದರೇ ಹೊರತು ಎಷ್ಟು ಕಟ್ಟಬೇಕೆಂದು ಹೇಳಲಿಲ್ಲ. ಐರಿಷರನ್ನು ದೂರಿ ಫಲವಿಲ್ಲ.

ಅತಿ ಹೆಚ್ಚು ನಷ್ಟ ಮಾಡಿದ ಆಂಗ್ಲೊ ಐರಿಷ್ ಬ್ಯಾಂಕ್ ಲಿಫಿ ನದಿಯ ದಂಡೆಯಲ್ಲಿ ತನಗಾಗಿ ಭವ್ಯ ಕಚೇರಿ ಕಟ್ಟಿಸುತ್ತಿತ್ತು. ಕಾಂಕ್ರೀಟ್ ಅಸ್ಥಿಪಂಜರವಾಗಿ ನಿಂತುಹೋದ ಅದನ್ನು 2012ರಲ್ಲಿ ಕೊಂಡು ಪೂರ್ತಿಗೊಳಿಸಿ, 2017ರಲ್ಲಿ ಗೃಹಪ್ರವೇಶ ಮಾಡಿದವರು ಬೇರಾರೂ ಅಲ್ಲ, ಐರ್ಲೆಂಡಿನ ಕೇಂದ್ರ ಬ್ಯಾಂಕಿನವರು. ಮನೆಸಾಲ ಸಾಮಾನ್ಯವಾಗಿ ವರ್ಷದ ಆದಾಯದ ಮೂರೂವರೆ ಪಟ್ಟು ಮೀರಬಾರದೆಂದು ಅವರು 2015ರಲ್ಲೇ ನಿಯಮ ಮಾಡಿದ್ದರು. 2022ರಲ್ಲಿ ಮನೆಬೆಲೆ 2007ರ ಶಿಖರವನ್ನು ದಾಟಿತು. ಈ ಸಲದ ದೂರು ಮನೆಗಳೇ ಸಾಲವು ಎಂದು. 2023ರಿಂದ ಮೊದಲ ಮನೆ ಕೊಳ್ಳುವವರಿಗೆ ಮಿತಿ ನಾಲ್ಕು ಪಟ್ಟಾಗಿದೆ. ಈ ಅರ್ಧ ಪಟ್ಟನ್ನು ಹೊಸ ಸೂತ್ರವೆನ್ನಬೇಕೋ ಹಳೆಯದರ ಪಾಠಾಂತರವೆನ್ನಬೇಕೋ ಎಂಬಲ್ಲಿ ಪಂಡಿತರಿಗೆ ಒಮ್ಮತವಿಲ್ಲ.