ಕೆರೆಯ ಮೇಲಣ ಪೌರನೀತಿ

ತಮಿಳರು ಏರಿಯೆಂದೂ, ನಾವು ಕೆರೆಯೆಂದೂ, ಮನೆ ಕಟ್ಟಿಸುವವರು ಉಭಯ ಭಾಷೆಗಳಲ್ಲಿಯೂ ನಿವೇಶನವೆಂದೂ ಕರೆಯುವ, ಚೆನ್ನೈನ ವೇಲಚೇರಿಯ ಅಳಿದುಳಿದ ಜಲರಾಶಿಯನ್ನು ಬಾಲ್ಕನಿಯಿಂದ ಅವಲೋಕಿಸುತ್ತ, ನೆರೆಮನೆಯ ನಿವೃತ್ತ ವಕೀಲರಾದ ರಾಯರು ಒಂಬತ್ತನೆಯ ತರಗತಿಯ ಮೊಮ್ಮಗನಿಗೆ ರಾಜ್ಯಾಂಗಬೋಧನೆ ನಡೆಸುತ್ತಿದ್ದರು. ಗೋಡೆ ತೆಳುವಾದುದರಿಂದ ನಾನೂ ಶಿಷ್ಯನಾದೆನು.

“ತಾತ, ಮೂಲಭೂತ ಕರ್ತವ್ಯಗಳು ಮೊದಲಿನಿಂದಲೂ ಇದ್ದವೇ?”

“ಇಲ್ಲಪ್ಪ. 1950ರಲ್ಲಿ ಹಕ್ಕುಗಳು ದೊರೆತವು. 1976ರಲ್ಲಿ, ತುರ್ತುಪರಿಸ್ಥಿತಿಯ ನಿಮಿತ್ತ ಆ ಹಕ್ಕುಗಳಲ್ಲಿ ಹಲವು ಬೀಗಮುದ್ರೆಯೊಳಗೆ ವಿಶ್ರಮಿಸುತ್ತಿದ್ದಾಗ, ಮನೆ ಬರಿದಾಗಿ ಕಾಣಬಾರದೆಂದು 42ನೆಯ ತಿದ್ದುಪಡಿಯು ಹತ್ತು ಕರ್ತವ್ಯಗಳನ್ನು ತಂದಿರಿಸಿತು. 2002ರಲ್ಲಿ ಮತ್ತೊಂದು ಸೇರಿತು.”

“51ಎ ವಿಧಿ, ಜಿ ಖಂಡ: ಅರಣ್ಯ, ಸರೋವರ, ನದಿ, ವನ್ಯಜೀವಿಗಳನ್ನು ರಕ್ಷಿಸತಕ್ಕದ್ದು. ಸರೋವರವೆಂದರೆ ನಮ್ಮ ಮನೆಯ ಅಡಿಯಲ್ಲಿರುವುದೇ?”

ರಾಯರು ಕನ್ನಡಕ ತೆಗೆದು ಒರೆಸಿದರು. ಕಕ್ಷಿಯ ಪಕ್ಷ ದುರ್ಬಲವಾದಾಗಲೆಲ್ಲ ಇದು ಅವರ ಅಭ್ಯಾಸವೆಂದು ಕೇಳಿದ್ದೇನೆ.

“ಅದು ಪರೀಕ್ಷೆಗೆ ಬರುವುದಿಲ್ಲ.”

“2015ರ ಡಿಸೆಂಬರಿನಲ್ಲಿ ಕೆಳಮನೆಗೆ ನೀರು ನುಗ್ಗಿತಂತಲ್ಲ?”

“ಅತಿಕ್ರಮ ಪ್ರವೇಶ, ಮಗು.”

“ನೀರಿನದೋ, ನಮ್ಮದೋ?”

“ಮುಂದಿನ ಪ್ರಶ್ನೆ ಓದು.”

“ಕರ್ತವ್ಯ ಮೀರಿದವರಿಗೆ ಶಿಕ್ಷೆಯೇನು?”

“ಆ ವಿಧಿಯಲ್ಲಿ ಶಿಕ್ಷೆಯ ಉಲ್ಲೇಖವಿಲ್ಲ.”

“ಹಾಗಾದರೆ ಅದನ್ನು ಬರೆಯದವನಿಗೆ ಮಾತ್ರ ಐದು ಅಂಕ ಕಳೆಯುವುದೇಕೆ?”

ರಾಯರು ಉತ್ತರಕ್ಕೆ ಕಂಠ ಸರಿಪಡಿಸಿಕೊಳ್ಳುವಷ್ಟರಲ್ಲಿ ಒಳಗಿನಿಂದ ಸೊಸೆ ಕೂಗಿದಳು:

“ಮಾವ, ನೀರಿನ ಲಾರಿ ಬಂದಿದೆ, ದುಡ್ಡು ಕೊಡಬೇಕಂತೆ!”